ಕೂತ ಕೋಣೆಯ ಮೇಲೊಂದು ಎಚ್ಚರ

ಒಂದು ಮಾಮೂಲಿ ದಿನದ ಲೆಕ್ಕ ಹಾಕೋಣ. ಹಾಸ್ಟೆಲ್ ರೂಮಿನಲ್ಲಿ ಎದ್ದು, ಮೆಸ್ಸಿನಲ್ಲಿ ತಿಂಡಿ ತಿಂದು, ಕ್ಲಾಸಿಗೆ ಹೋಗಿ, ಮಧ್ಯಾಹ್ನ ಲ್ಯಾಬು, ಸಂಜೆ ಲೈಬ್ರರಿ, ರಾತ್ರಿ ಮತ್ತೆ ಅದೇ ರೂಮು. ಕ್ಯಾಂಟೀನಿಗೆ ನಡೆದ ಹತ್ತು ನಿಮಿಷ, ಗ್ರೌಂಡಿನಲ್ಲಿ ಆಡಿದ ಒಂದು ಗಂಟೆ (ಅದೂ ಇಂಟರ್ನಲ್ಸ್ ಇಲ್ಲದಿದ್ದರೆ) ಬಿಟ್ಟರೆ ದಿನದ ಬಹುಪಾಲು ನಾವು ನಾಲ್ಕು ಗೋಡೆಗಳ ಒಳಗೇ ಇರ್ತೀವಿ. ಆದರೂ ಈಗ ಕಣ್ಣು ಮುಚ್ಚಿಕೊಂಡು ಹೇಳಿ ನೋಡೋಣ: ನೀವು ದಿನಾ ಕೂರುವ ಕ್ಲಾಸಿನಲ್ಲಿ ಕಿಟಕಿಗಳು ಎಷ್ಟು? ಅದರಲ್ಲಿ ನಿಜವಾಗಿ ತೆರೆಯೋಕೆ ಬರೋದು ಎಷ್ಟು? ಮಧ್ಯಾಹ್ನದ ಬಿಸಿಲು ಯಾವ ಗೋಡೆ ಮೇಲೆ ಬೀಳುತ್ತೆ? ಎರಡನೇ ಬಾಗಿಲು ಇದ್ದರೆ ಅದಕ್ಕೆ ಬೀಗ ಹಾಕಿದೆಯೋ ಇಲ್ಲವೋ?

ಚಾರ್ಜಿಂಗ್ ಪಾಯಿಂಟ್ ಎಲ್ಲಿದೆ, ವೈಫೈ ಯಾವ ಮೂಲೆಯಲ್ಲಿ ಚೆನ್ನಾಗಿ ಸಿಗುತ್ತೆ ಅನ್ನೋದನ್ನು ಕೇಳಿದ್ದರೆ ಎಲ್ಲರೂ ತಟ್ಟಂತ ಹೇಳ್ತಿದ್ವಿ ಬಿಡಿ.

ಇದಕ್ಕೆ ಉದಾಸೀನ ಒಂದೇ ಕಾರಣ ಅಲ್ಲ. ನಮ್ಮ ಇಂದ್ರಿಯಗಳು ಕೆಲಸ ಮಾಡೋ ರೀತಿಯೇ ಹಾಗಿದೆ. ಲ್ಯಾಬಿನಲ್ಲಿ ಸಿ.ಆರ್.ಓ.ವನ್ನು ಎ.ಸಿ. ಕಪ್ಲಿಂಗ್‌ಗೆ ಹಾಕಿದರೆ ಏನಾಗುತ್ತೆ? ಸಿಗ್ನಲ್ಲಿನ ಡಿ.ಸಿ. ಭಾಗ ಮಾಯವಾಗಿ, ಬದಲಾಗ್ತಾ ಇರೋ ಭಾಗ ಮಾತ್ರ ಪರದೆಯ ಮೇಲೆ ಉಳಿಯುತ್ತೆ. ಮೂಗು, ಕಿವಿ, ಚರ್ಮ, ಕಣ್ಣು ಎಲ್ಲವೂ ಹೆಚ್ಚುಕಮ್ಮಿ ಹೀಗೇನೆ. ರಜೆ ಮುಗಿಸಿ ಬಂದು ರೂಮಿನ ಬೀಗ ತೆಗೆದಾಗ ಗಪ್ಪಂತ ಮೂಗಿಗೆ ಬಡಿಯೋ ಮುಗ್ಗಲು ವಾಸನೆ ಸ್ವಲ್ಪ ಹೊತ್ತಿಗೆ ‘ಹೋಗಿಬಿಡುತ್ತೆ’. ವಾಸನೆ ಎಲ್ಲಿಗೂ ಹೋಗಿರಲ್ಲ, ಮೂಗು ಅದನ್ನು ವರದಿ ಮಾಡೋದು ನಿಲ್ಲಿಸಿರುತ್ತೆ ಅಷ್ಟೇ. ಫ್ಯಾನು ಅಷ್ಟೊಂದು ಸದ್ದು ಮಾಡ್ತಿತ್ತು ಅಂತ ತಿಳಿಯೋದು ಕರೆಂಟು ಹೋದಾಗ. ಕಣ್ಣನ್ನು ಒಂದೇ ಚುಕ್ಕೆಯ ಮೇಲೆ ಅಲ್ಲಾಡಿಸದೆ ನೆಟ್ಟರೆ ಸುತ್ತಲಿನ ಮಸುಕು ಆಕೃತಿಗಳು ಮೆಲ್ಲಗೆ ಅಳಿಸಿಹೋಗುತ್ತವೆ ಅಂತ ಟ್ರಾಕ್ಸ್ಲರ್ ಎಂಬ ಸ್ವಿಸ್ ವೈದ್ಯ 1804ರಲ್ಲೇ ಬರೆದಿದ್ದ. ಕೋಣೆ ಅನ್ನೋದು ನಮಗೆ ಡಿ.ಸಿ. ಭಾಗ. ಅದು ಸದಾ ಇರುತ್ತೆ, ಹಾಗಾಗಿ ಕಾಣೋದೇ ಇಲ್ಲ.

ಕಾಣದೇ ಇದ್ದರೆ ಏನಂತೆ ಅಂತ ಕೇಳಬಹುದು. ಕೋಣೆ ಸುಮ್ಮನೆ ಇರೋ ವಸ್ತು ಆಗಿದ್ದರೆ ಏನೂ ಇಲ್ಲ. ಆದರೆ ಅದು ನಮ್ಮ ಉಸಿರು, ಕಿವಿ, ನಿದ್ದೆ, ಓದು ಎಲ್ಲದರ ಮೇಲೂ ಕೆಲಸ ಮಾಡ್ತಾ ಇರುತ್ತೆ. ಕೆಲವೊಮ್ಮೆ ಪ್ರಾಣಕ್ಕೂ ಕೈ ಹಾಕುತ್ತೆ. ಆ ಮಾತಿಗೆ ಕೊನೆಗೆ ಬರ್ತೀವಿ.

‘ಮೈಂಡ್‌ಫುಲ್‌ನೆಸ್’ ಅನ್ನೋ ಪದ ಈಗ ಫೋನಿನ ಆ್ಯಪ್‌ಗಳಲ್ಲೆಲ್ಲ ಓಡಾಡ್ತಿದೆ. ಪಾಲಿ ಭಾಷೆಯ ‘ಸತಿ’ ಅನ್ನೋ ಮಾತಿಗೆ ಇಂಗ್ಲಿಷಿನವರು ಕೊಟ್ಟ ಹೆಸರು ಅದು. ಸಂಸ್ಕೃತದಲ್ಲಿ ಅದೇ ‘ಸ್ಮೃತಿ’. 1979ರಲ್ಲಿ ಜಾನ್ ಕಬಟ್-ಜಿನ್ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಒತ್ತಡದಿಂದ ಬಳಲುವವರಿಗಾಗಿ ಇದನ್ನು ಕಲಿಸೋಕೆ ಶುರು ಮಾಡಿದ ಮೇಲೆ ಅದು ಆಸ್ಪತ್ರೆ, ಆಫೀಸುಗಳಿಗೆಲ್ಲ ಹಬ್ಬಿತು. ಕನ್ನಡದಲ್ಲಿ ಕೆಲವರು ‘ಸಾವಧಾನ’ ಅಂತಾರೆ, ಕೆಲವರು ‘ಅರಿವು’ ಅಂತಾರೆ. ನಮಗೆ ಹಿಡಿಸಿದ್ದು ‘ಎಚ್ಚರ’. ‘ಎಚ್ಚರವಾಯಿತು’ ಅಂದರೆ ನಿದ್ದೆ ಬಿಟ್ಟಿತು. ‘ಎಚ್ಚರ ತಪ್ಪಿತು’ ಅಂದರೆ ಪ್ರಜ್ಞೆ ಹೋಯಿತು. ‘ಎಚ್ಚರದಿಂದಿರು’ ಅಂದರೆ ಜೋಪಾನ. ಧ್ಯಾನ ಮಾಡೋರ ಅರ್ಥ, ವರ್ಕ್‌ಶಾಪ್ ಗೋಡೆಯ ಬೋರ್ಡಿನ ಅರ್ಥ ಎರಡನ್ನೂ ಒಂದೇ ಪದ ಹೊತ್ತುಕೊಂಡಿದೆ. ಕೋಣೆಯ ವಿಷಯದಲ್ಲಿ ನಮಗೆ ಬೇಕಾದದ್ದೂ ಆ ಎರಡು ಅರ್ಥ ಸೇರಿದ ಎಚ್ಚರವೇ.

ಅಭ್ಯಾಸ ಸುಲಭ. ಇಂದ್ರಿಯಗಳು ಬದಲಾವಣೆಯನ್ನು ಮಾತ್ರ ಹಿಡಿಯುತ್ತವೆ ಅಂದಮೇಲೆ, ಬದಲಾವಣೆ ಆಗೋ ಜಾಗದಲ್ಲೇ ಅವನ್ನು ಕೇಳಬೇಕು. ಅಂದರೆ ಬಾಗಿಲಲ್ಲಿ. ಹೊಸ್ತಿಲ ಮೇಲೆ ನಿಲ್ಲಬಾರದು ಅಂತ ಮನೆಯಲ್ಲಿ ಹಿರಿಯರು ಬೈತಾರಲ್ಲ, ಹಾಗಾಗಿ ಒಂದು ಹೆಜ್ಜೆ ಒಳಗೇ ನಿಲ್ಲಿ. ಫೋನು ಜೇಬಿನಲ್ಲಿರಲಿ. ಮೊದಲು ಮೂಗು, ಯಾಕಂದರೆ ಬೇಗ ಸೋಲೋದು ಅದೇ. ಆಮೇಲೆ ಕಿವಿ, ಆಮೇಲೆ ಮುಖ ಮತ್ತು ಕೈಯ ಚರ್ಮ. ಕಣ್ಣು ಕೊನೆಗೆ, ಮೊದಲೇ ಅದಕ್ಕೆ ಬಿಟ್ಟರೆ ಉಳಿದವರ ಮಾತು ಕೇಳಿಸೋದೇ ಇಲ್ಲ. ಎಲ್ಲಾ ಸೇರಿ ಒಂದು ನಿಮಿಷ ಸಾಕು. ಒಂದು ಪೀರಿಯಡ್ ಕಳೆದ ಮೇಲೆ ಕಾರಿಡಾರಿಗೆ ಬಂದು, ನಾಲ್ಕು ಉಸಿರು ಎಳೆದು, ಮತ್ತೆ ಒಳಗೆ ಹೋಗಿ. ಒಳಗೂ ಹೊರಗೂ ಇರೋ ಆ ವ್ಯತ್ಯಾಸವೇ ನಿಮ್ಮ ರೀಡಿಂಗ್.

ಕಿವಿಯಿಂದ ಶುರು ಮಾಡೋಣ. ಖಾಲಿ ಕ್ಲಾಸಿನಲ್ಲಿ ಒಂದೇ ಒಂದು ಚಪ್ಪಾಳೆ ತಟ್ಟಿ, ಅದರ ಬಾಲ ಎಷ್ಟು ಹೊತ್ತು ಉಳಿಯುತ್ತೆ ಅಂತ ಕೇಳಿ. 1895ರಲ್ಲಿ ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ವ್ಯಾಲೇಸ್ ಸೇಬಿನ್ ಎಂಬ ಯುವಕನಿಗೆ ಇಂಥದ್ದೇ ಒಂದು ಕೋಣೆ ಗಂಟುಬಿತ್ತು. ಹೊಸದಾಗಿ ಕಟ್ಟಿದ ಫಾಗ್ ಮ್ಯೂಸಿಯಂನ ಉಪನ್ಯಾಸ ಕೋಣೆಯಲ್ಲಿ ಆಡಿದ ಮಾತು ಐದೂವರೆ ಸೆಕೆಂಡು ಉಳಿಯುತ್ತಿತ್ತು. ಒಂದು ಪದ ಸಾಯೋದರೊಳಗೆ ಹತ್ತು ಹದಿನೈದು ಪದ ಅದರ ಮೇಲೆ ಬಂದು ಬೀಳುತ್ತಿದ್ದವು. ಸೇಬಿನ್ ರಾತ್ರಿ ಹೊತ್ತು, ಊರು ಮಲಗಿದ ಮೇಲೆ, ಆರ್ಗನ್ ಕೊಳವೆ ಊದಿಸಿ, ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಮೆತ್ತೆಗಳನ್ನು ಹೊತ್ತು ತಂದು ಹಾಸಿ, ತನ್ನ ಕಿವಿಯಿಂದಲೇ ಅಳೆದ. ಅವನ ಬಳಿ ಮೈಕೂ ಇರಲಿಲ್ಲ, ಮೀಟರೂ ಇರಲಿಲ್ಲ. ಅಷ್ಟು ತಾಳ್ಮೆಯಿಂದ ಒಂದು ಕೋಣೆಗೆ ಕಿವಿಗೊಟ್ಟವರು ಅಪರೂಪ. ಅದರಿಂದ ಹುಟ್ಟಿದ್ದು ಇವತ್ತಿಗೂ ಬಳಸೋ ಸೂತ್ರ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಅದರೊಳಗಿನ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಸದ್ದು ಅಡಗೋ ಸಮಯ ಸಿಗುತ್ತೆ. ಬಾಸ್ಟನ್ನಿನ ಸಿಂಫನಿ ಹಾಲ್ 1900ರಲ್ಲಿ ತೆರೆದದ್ದು ಇವನ ಲೆಕ್ಕದ ಬಲದ ಮೇಲೆಯೇ.

ನಮ್ಮ ಕ್ಲಾಸಿಗೂ ಲೆಕ್ಕ ಹಾಕಬಹುದು. 10 ಮೀಟರ್ ಉದ್ದ, 8 ಅಗಲ, 3.5 ಎತ್ತರ ಅಂದುಕೊಳ್ಳಿ. ಘನ ಅಳತೆ 280. ಗೋಡೆ, ನೆಲ, ತಾರಸಿ ಸೇರಿ 286 ಚದರ ಮೀಟರ್. ಗಾರೆ, ಸಿಮೆಂಟು ನೂರಕ್ಕೆ ಮೂರರಷ್ಟು ಸದ್ದನ್ನು ಮಾತ್ರ ಹೀರುತ್ತೆ ಅಂತ ಇಟ್ಟರೆ ಬರೀ ಕೋಣೆಗೆ ಐದು ಸೆಕೆಂಡು ದಾಟುತ್ತೆ. ಒಬ್ಬೊಬ್ಬರಿಗೆ ಅರ್ಧ ಚದರ ಮೀಟರಿನಷ್ಟು ಹೀರಿಕೆ ಅಂತ 60 ಜನ ಕೂತರೆ ಅದು ಒಂದೂಕಾಲು ಸೆಕೆಂಡಿನ ಹತ್ತಿರಕ್ಕೆ ಇಳಿಯುತ್ತೆ. ಬೆಂಚು, ಬಾಗಿಲು ಎಲ್ಲಾ ಸೇರಿದರೆ ನಿಜವಾದ ಸಂಖ್ಯೆ ಇನ್ನೂ ಕಡಿಮೆ. ಅರ್ಧ ಕ್ಲಾಸು ಬಂಕ್ ಹೊಡೆದ ದಿನ ಲೆಕ್ಚರರ ದನಿ ಗೊಳಗೊಳ ಅನ್ನೋದು ಇದಕ್ಕೇ. ಸ್ವರಗಳು ಉಳಿದುಕೊಂಡು ವ್ಯಂಜನಗಳನ್ನು ನುಂಗಿಬಿಡುತ್ತವೆ, ಕೊನೇ ಬೆಂಚಿಗೆ ‘ಪ’ ಬಂತೋ ‘ತ’ ಬಂತೋ ತಿಳಿಯಲ್ಲ. ಅಲ್ಲಿ ಕೂತವರೆಲ್ಲ ಓದಿನಲ್ಲಿ ಆಸಕ್ತಿ ಇಲ್ಲದವರು ಅಂತ ತೀರ್ಮಾನ ಮಾಡೋ ಮುಂಚೆ ಒಮ್ಮೆ ಅಲ್ಲಿ ಹೋಗಿ ಕೂತು ಕೇಳಬೇಕು. ಅಂದಹಾಗೆ ಸೇಬಿನ್ ಹೀರಿಕೆಯನ್ನು ಅಳೆಯೋಕೆ ಮಾನವಾಗಿ ಇಟ್ಟುಕೊಂಡದ್ದು ತೆರೆದ ಕಿಟಕಿಯನ್ನು. ಅದರ ಮೂಲಕ ಹೋದ ಸದ್ದು ವಾಪಸ್ ಬರೋದಿಲ್ಲವಲ್ಲ.

ವಿಜಯಪುರದ ಗೋಳಗುಮ್ಮಟಕ್ಕೆ ಟೂರ್ ಹೋದಾಗ ನಾವೆಲ್ಲ ಗೋಡೆಗೆ ಕಿವಿ ಹಚ್ಚಿ, ಸುಮಾರು 38 ಮೀಟರ್ ಆಚೆಯಿಂದ ಬರೋ ಪಿಸುಮಾತಿಗಾಗಿ ಉಸಿರು ಬಿಗಿಹಿಡಿದು ಕಾಯ್ತೀವಿ. ಆ ಕಿವಿ ನಮ್ಮ ಹತ್ತಿರವೇ ಇದೆ, ವಾಪಸ್ ಬರುವಾಗ ಬಸ್ಸಿನಲ್ಲಿ ಬಿಟ್ಟು ಬಂದಿಲ್ಲ.

ಇನ್ನು ಗಾಳಿ. ಇಲ್ಲಿ ಚರ್ಮವೇ ನಮಗೆ ಮೋಸ ಮಾಡುತ್ತೆ. ಸೀಲಿಂಗ್ ಫ್ಯಾನ್ ಜೋರಾಗಿ ತಿರುಗ್ತಿದ್ದರೆ ‘ಒಳ್ಳೇ ಗಾಳಿ ಬರ್ತಿದೆ’ ಅಂತೀವಿ. ಬರ್ತಿರೋದು ಎಲ್ಲಿಂದ? ಕಿಟಕಿ ಮುಚ್ಚಿದ್ದರೆ ಅದೇ ಗಾಳಿ ಮತ್ತೆ ಮತ್ತೆ ಸುತ್ತುತ್ತೆ. ಬೆವರು ಆರೋದರಿಂದ ನಮಗೆ ತಂಪು ಅನ್ನಿಸುತ್ತೆ. ಸ್ಪ್ಲಿಟ್ ಎ.ಸಿ.ಯೂ ಹಾಗೇನೆ. ಹೊರಗಿನ ಯೂನಿಟ್ ಕಂಡು ಅದು ಹೊರಗಿಂದ ಗಾಳಿ ತರುತ್ತೆ ಅಂದುಕೊಂಡವರು ಬಹಳ ಜನ. ನಡುವೆ ಓಡಾಡೋದು ತಾಮ್ರದ ಕೊಳವೆಯಲ್ಲಿ ರೆಫ್ರಿಜರೆಂಟ್ ಮಾತ್ರ, ಕೋಣೆಯ ಗಾಳಿ ಕೋಣೆಯಲ್ಲೇ ಇರುತ್ತೆ.

ಅದೇ 280 ಘನ ಮೀಟರಿನ ಕ್ಲಾಸನ್ನು ಮತ್ತೆ ತೆಗೆದುಕೊಳ್ಳಿ. ಸುಮ್ಮನೆ ಕೂತ ಒಬ್ಬ ವಯಸ್ಕ ಗಂಟೆಗೆ ಹತ್ತಿರಹತ್ತಿರ 18 ಲೀಟರ್ ಕಾರ್ಬನ್ ಡೈ ಆಕ್ಸೈಡ್ ಹೊರಬಿಡ್ತಾನೆ. 60 ಜನಕ್ಕೆ 1,080 ಲೀಟರ್. ಕೋಣೆಯ ಗಾಳಿ 2,80,000 ಲೀಟರ್. ಭಾಗಿಸಿದರೆ ಗಂಟೆಗೆ ಸುಮಾರು 3,860 ಪಿ.ಪಿ.ಎಂ. ಏರಿಕೆ. ಹೊರಗಿನ ಗಾಳಿಯಲ್ಲಿ ಇರೋದು ಸುಮಾರು 420. ಮ್ಯೂನಿಕ್ಕಿನ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಎಂಬ ವಿಜ್ಞಾನಿ 1858ರಲ್ಲೇ, ಜನ ವಾಸಿಸೋ ಕೋಣೆಯಲ್ಲಿ ಇದು 1,000 ದಾಟಬಾರದು ಅಂತ ಒಂದು ಗೆರೆ ಎಳೆದಿದ್ದ. ಬಾಗಿಲು, ಕಿಟಕಿ ಪೂರ್ತಿ ಬಂದಾಗಿದ್ದರೆ ನಮ್ಮ ಕ್ಲಾಸು ಆ ಗೆರೆ ದಾಟೋಕೆ ಬೇಕಾದದ್ದು ಒಂಬತ್ತು ನಿಮಿಷ. ಅಟೆಂಡೆನ್ಸ್ ಮುಗಿದು ಪ್ರೊಜೆಕ್ಟರ್ ಆನ್ ಆಗೋ ಹೊತ್ತು! ಗೆರೆಯೊಳಗೇ ಇರಬೇಕಾದರೆ ಸುಮಾರು ಒಂಬತ್ತು ನಿಮಿಷಕ್ಕೊಮ್ಮೆ ಇಡೀ ಕೋಣೆಯಷ್ಟು ಹೊಸ ಗಾಳಿ ಒಳಗೆ ಬರಬೇಕು. ಎದುರುಬದುರು ಕಿಟಕಿ ತೆರೆದು, ಹೊರಗೆ ಚೂರು ಗಾಳಿ ಬೀಸ್ತಿದ್ದರೆ ಇದು ಕಷ್ಟವೇ ಅಲ್ಲ. ಸ್ಲೈಡು ಕಾಣಲಿ ಅಂತ ಕಿಟಕಿ ಮುಚ್ಚಿ ಪರದೆ ಎಳೆದಾಗ ಸಾಧ್ಯವೇ ಇಲ್ಲ.

ಇದರಿಂದ ಏನು ಕೆಡುತ್ತೆ? 2012ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು 22 ಜನರ ಮೇಲೆ ನಡೆಸಿದ ಪರೀಕ್ಷೆಯಲ್ಲಿ 1,000 ಪಿ.ಪಿ.ಎಂ.ಗೇ ನಿರ್ಧಾರ ತೆಗೆದುಕೊಳ್ಳೋ ಶಕ್ತಿ ಕುಂದಿದ್ದು ಕಂಡಿತು, 2,500ಕ್ಕೆ ಇನ್ನೂ ಹೆಚ್ಚು. ಆಮೇಲಿನ ಪ್ರಯೋಗಗಳೆಲ್ಲ ಇದಕ್ಕೆ ತಲೆಯಾಡಿಸಿಲ್ಲ. ಊಟದ ನಂತರದ ಪೀರಿಯಡ್ಡಿನ ತೂಕಡಿಕೆಯನ್ನೆಲ್ಲ ಗಾಳಿಯ ತಲೆಗೆ ಕಟ್ಟೋದೂ ತಪ್ಪು. ಮಧ್ಯಾಹ್ನ ಮೈಯ ಗಡಿಯಾರವೇ ಸ್ವಲ್ಪ ಜೋಲುತ್ತೆ, ಮೆಸ್ಸಿನ ಅನ್ನವೂ ಕೈ ಜೋಡಿಸುತ್ತೆ. ಆದರೆ ಒಂದು ಮಾತು ಖಂಡಿತ. ಈ ಸಂಖ್ಯೆ ಏರಿದೆ ಅಂದರೆ ಇನ್ನೊಬ್ಬರು ಬಿಟ್ಟ ಉಸಿರನ್ನೇ ನಾವು ಎಳೆದುಕೊಳ್ತಿದ್ದೀವಿ ಅಂತ ಅರ್ಥ. ಒಬ್ಬನಿಗೆ ಬಂದ ಶೀತ ವಾರದೊಳಗೆ ಇಡೀ ಬ್ಯಾಚಿಗೆ ಹಬ್ಬೋದರಲ್ಲಿ ಇದರ ಪಾಲಿದೆ. ಧ್ಯಾನದ ಆ್ಯಪ್‌ಗಳು ಉಸಿರನ್ನು ಗಮನಿಸಿ ಅನ್ನುತ್ತವೆ. ಆ ಉಸಿರು ಯಾವ ಗಾಳಿಯಿಂದ ಬಂತು ಅನ್ನೋದನ್ನೂ ಜೊತೆಗೆ ಗಮನಿಸೋಣ ಅಂತ ನಮ್ಮ ಮಾತು.

ಅಳೆದೇ ನೋಡ್ತೀವಿ ಅನ್ನೋರಿಗೆ ಒಂದು ಕಿವಿಮಾತು. ಮಿನಿ ಪ್ರಾಜೆಕ್ಟ್‌ಗಳಲ್ಲಿ ಎಲ್ಲರೂ ಹಾಕೋ ಎಂ.ಕ್ಯೂ-135 ಸೆನ್ಸರ್ ಇದಕ್ಕೆ ಆಗಲ್ಲ. ಅಮೋನಿಯಾ, ಆಲ್ಕೋಹಾಲ್, ಹೊಗೆ ಎಲ್ಲಕ್ಕೂ ಅದು ಕುಣಿಯುತ್ತೆ. ಪಕ್ಕದವನು ಸ್ಯಾನಿಟೈಜರ್ ಹಚ್ಚಿಕೊಂಡರೂ ಸಾಕು. ಎನ್.ಡಿ.ಐ.ಆರ್. ಬಗೆಯದ್ದನ್ನು ತರಿಸಿ. ಕಾರ್ಬನ್ ಡೈ ಆಕ್ಸೈಡ್ 4.26 ಮೈಕ್ರೋಮೀಟರ್ ಅಲೆಯುದ್ದದ ಅವಕೆಂಪು ಬೆಳಕನ್ನು ಹೀರುತ್ತೆ, ಅದನ್ನೇ ಈ ಸೆನ್ಸರ್ ಅಳೆಯೋದು. ಬೆಲೆ ಜಾಸ್ತಿ. ನಾಲ್ಕು ಜನ ಸೇರಿ ತಗೊಳ್ಳಿ.

ಹಾಸ್ಟೆಲ್ ರೂಮಿನಲ್ಲಿ ರಾತ್ರಿ ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚಿ, ಒಳಗೆ ಸೊಳ್ಳೆ ಬತ್ತಿ ಹಚ್ಚೋದು ಇನ್ನೊಂದು ಕಥೆ. ಒಂದು ಬತ್ತಿ ಉರಿದು ಮುಗಿಯೋದರೊಳಗೆ ಹೊರಬೀಳೋ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು ಅಂತ 2003ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಕೊಟ್ಟಿದೆ. ಸೊಳ್ಳೆ ಪರದೆಗೆ ಒಂದೇ ಸಲದ ಖರ್ಚು. ಕಿಟಕಿಗೆ ಜಾಲರಿ ಹಾಕಿಸಿದರೆ ಇನ್ನೂ ಒಳ್ಳೇದು.

ಶಾಖದ ವಿಷಯ ಬೇಗ ಮುಗಿಸ್ತೀವಿ. ಸುಮ್ಮನೆ ಕೂತ ಮನುಷ್ಯ ಸುಮಾರು 100 ವ್ಯಾಟಿನ ಹೀಟರ್. 60 ಜನ ಅಂದರೆ 6 ಕಿಲೋವ್ಯಾಟ್. ಮೇಲಂತಸ್ತಿನ ರೂಮಿನವರು ಸಂಜೆ ಏಳೆಂಟು ಗಂಟೆಗೆ ಸ್ಟೂಲ್ ಹತ್ತಿ ತಾರಸಿಯ ಕೆಳಮೈ ಮುಟ್ಟಿ ನೋಡಿ. ಕಾಂಕ್ರೀಟು ಹಗಲಿಡೀ ಕುಡಿದ ಬಿಸಿಲನ್ನು ಕೆಲವು ಗಂಟೆ ತಡವಾಗಿ ಒಳಗೆ ಬಿಡುತ್ತೆ. ಹೊರಗೆ ತಣ್ಣಗಾದ ಮೇಲೂ ಒಳಗೆ ಸೆಕೆ ಯಾಕೆ ಅನ್ನೋದಕ್ಕೆ ಉತ್ತರ ನಿಮ್ಮ ಅಂಗೈಯಲ್ಲೇ ಸಿಗುತ್ತೆ. ಹಳೇ ತೊಟ್ಟಿ ಮನೆಗಳಲ್ಲಿ ಬಿಸಿಗಾಳಿ ನಡುವಿನ ಬಯಲಿನಿಂದ ಮೇಲೇರಿ, ಸುತ್ತಲಿನ ಪಡಸಾಲೆಗೆ ತಂಪು ಗಾಳಿ ಎಳೆದುಕೊಳ್ಳುತ್ತಿತ್ತು. ಮಾಡಿನ ಗಾಜಿನ ಹೆಂಚಿನಿಂದ ನೆಲಕ್ಕೆ ಬಿದ್ದ ಬಿಸಿಲಿನ ಚೌಕ ಎಲ್ಲಿಗೆ ಸರಿಯಿತು ಅಂತ ನೋಡಿ ಹೊತ್ತು ಹೇಳೋ ಅಜ್ಜಿಯರಿಗೆ ಈ ಲೇಖನದ ಅಗತ್ಯವೇ ಇಲ್ಲ.

ಬೆಳಕಿನಲ್ಲಿ ಒಂದನ್ನು ಮಾತ್ರ ಹೇಳ್ತೀವಿ, ಅದು ಮೆಕ್ಯಾನಿಕಲ್‌ನವರಿಗೆ. 50 ಹರ್ಟ್ಸ್ ಕರೆಂಟಿನಲ್ಲಿ ಹಳೇ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಹೊಳೆದು ಕುಂದುತ್ತೆ. ಕಳಪೆ ಡ್ರೈವರಿನ ಎಲ್.ಇ.ಡಿ.ಯೂ ಹಾಗೇ. ಫೋನಿನ ಸ್ಲೋ ಮೋಷನ್‌ನಲ್ಲಿ ಹಿಡಿದರೆ ಮಿಣುಕು ಕಾಣುತ್ತೆ. ಲೇತಿನಲ್ಲಿ ನಾಲ್ಕು ದವಡೆಯ ಚಕ್ಕು ನಿಮಿಷಕ್ಕೆ 1,500 ಸುತ್ತು ತಿರುಗ್ತಿದೆ ಅಂದುಕೊಳ್ಳಿ. ಸೆಕೆಂಡಿಗೆ 25 ಸುತ್ತು, ಅಂದರೆ ಪ್ರತಿ ಮಿಣುಕಿಗೂ ಸರಿಯಾಗಿ ಕಾಲು ಸುತ್ತು. ಪ್ರತಿ ಸಲವೂ ದವಡೆಗಳು ಅದೇ ಜಾಗದಲ್ಲಿ ಕಾಣುತ್ತವೆ, ತಿರುಗೋ ಚಕ್ಕು ನಿಂತ ಹಾಗೆ! ವರ್ಕ್‌ಶಾಪಿನ ದೀಪಗಳನ್ನು ಮೂರು ಫೇಸಿಗೆ ಹಂಚೋದು ಯಾಕೆ ಅಂತ ವೈವಾದಲ್ಲಿ ಕೇಳ್ತಾರಲ್ಲ, ಅದಕ್ಕೆ ಇದೇ ಉತ್ತರ. ಒಂದು ಸಾಲು ದೀಪ ಕೆಟ್ಟಿದ್ದರೆ ಮಷೀನು ಹಾಕೋ ಮುಂಚೆ ಮೇಲೆ ನೋಡಿ.

ಎಚ್ಚರದ ಇನ್ನೊಂದು ಅರ್ಥಕ್ಕೆ ಬರೋಣ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದಾಗ 9 ಜನ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು. ಅದೂ ದಿನಾ ಕೆಲಸಕ್ಕೆ ಬರೋರು ಕೂರುವಂಥ ಮಾಮೂಲಿ ಆಫೀಸುಗಳ ಕಟ್ಟಡ. ಗಾಬರಿಯಲ್ಲಿ ಮನುಷ್ಯ ತಾನು ಒಳಗೆ ಬಂದ ಬಾಗಿಲಿನ ಕಡೆಗೇ ಓಡ್ತಾನೆ, ಇನ್ನೊಂದು ಪಕ್ಕದಲ್ಲೇ ಇದ್ದರೂ. ಹಾಗಾಗಿ ಬಾಗಿಲಲ್ಲಿ ನಿಂತ ಆ ಒಂದು ನಿಮಿಷದಲ್ಲಿ ಎರಡನೇ ದಾರಿಯನ್ನೂ ಹುಡುಕಿ. ಹಾಸ್ಟೆಲಿನಲ್ಲಿ ನಿಮ್ಮ ರೂಮಿಂದ ಮೆಟ್ಟಿಲಿಗೆ ಎಷ್ಟು ಬಾಗಿಲು ಅಂತ ಎಣಿಸಿಟ್ಟುಕೊಳ್ಳಿ. ಹೊಗೆಯಲ್ಲಿ ಕಣ್ಣು ಕೆಲಸಕ್ಕೆ ಬರಲ್ಲ. ನೆಲಕ್ಕೆ ಬಗ್ಗಿ, ಗೋಡೆ ಸವರಿಕೊಂಡು, ಎಣಿಸುತ್ತಾ ಹೋಗಬೇಕಾಗುತ್ತೆ.

ಇಲ್ಲಿಯವರೆಗಿನದ್ದೆಲ್ಲ ಗಮನ ಕೊಟ್ಟರೆ ಒಂದಲ್ಲ ಒಂದು ಇಂದ್ರಿಯಕ್ಕೆ ಸಿಗೋ ಸಂಗತಿ. ಕಾರ್ಬನ್ ಮಾನಾಕ್ಸೈಡ್ ಹಾಗಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಮೂಗು ಉರಿಯೋದೂ ಇಲ್ಲ. ಅಡುಗೆ ಗ್ಯಾಸಿಗಾದರೂ ಸೋರಿದರೆ ತಿಳಿಯಲಿ ಅಂತ ವಾಸನೆ ಬೆರೆಸಿರ್ತಾರೆ. ಉರಿದ ಗ್ಯಾಸಿನಿಂದ ಹುಟ್ಟೋ ಇದಕ್ಕೆ ಯಾರೂ ಬೆರೆಸಿರಲ್ಲ. ಗ್ಯಾಸ್ ಗೀಸರ್ ಒಳಗೇ ಇರೋ ಮುಚ್ಚಿದ ಬಚ್ಚಲಲ್ಲಿ ಸ್ನಾನಕ್ಕೆ ಹೋದವರು ಹೊರಗೆ ಬಾರದೇ ಹೋದ ಸುದ್ದಿ ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತೆ. ನಮ್ಮಲ್ಲಿ ಬಹಳ ಜನ ಪಿ.ಜಿ.ಯಲ್ಲಿ, ಬಾಡಿಗೆ ರೂಮಿನಲ್ಲಿ ಇರೋರು, ಹಾಗಾಗಿ ಇದನ್ನು ಬಿಡಿಸಿ ಹೇಳ್ತೀವಿ.

ಒಂದು ಕಿಲೋ ಎಲ್.ಪಿ.ಜಿ. ಸರಿಯಾಗಿ ಉರಿಯೋಕೆ 15 ಕಿಲೋಗೂ ಹೆಚ್ಚು, ಅಂದರೆ ಸುಮಾರು 13 ಘನ ಮೀಟರ್ ಗಾಳಿ ಬೇಕು. 6 ಅಡಿ ಉದ್ದ, 5 ಅಡಿ ಅಗಲ, 8 ಅಡಿ ಎತ್ತರದ ಬಚ್ಚಲಲ್ಲಿ ಇರೋ ಗಾಳಿ 7 ಘನ ಮೀಟರಿಗೂ ಕಡಿಮೆ. ಅರ್ಧ ಕಿಲೋ ಗ್ಯಾಸಿಗೆ ಆ ಗಾಳಿಯಲ್ಲಿನ ಆಮ್ಲಜನಕವೆಲ್ಲ ಖಾಲಿ. ಅದು ಖಾಲಿಯಾಗೋಕೆ ಎಷ್ಟೋ ಮೊದಲೇ ಉರಿ ಅರೆಬರೆಯಾಗಿ ಮಾನಾಕ್ಸೈಡ್ ಬರೋಕೆ ಶುರುವಾಗುತ್ತೆ. ಅದು ರಕ್ತದ ಹೀಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತೆ. ತಲೆನೋವು, ತಲೆಸುತ್ತು, ವಾಕರಿಕೆ, ಕಾಲಿನಲ್ಲಿ ಬಲವಿಲ್ಲದ ಹಾಗೆ. ಬಿಸಿನೀರಿನ ಹಬೆಗೆ ಹೀಗಾಗ್ತಿದೆ ಅಂದುಕೊಳ್ಳೋದರೊಳಗೆ ಎಚ್ಚರ ತಪ್ಪಿರುತ್ತೆ, ಬಾಗಿಲಿಗೆ ಒಳಗಿಂದ ಚಿಲಕ ಹಾಕಿರುತ್ತೆ.

ಇಲ್ಲಿ ಇಂದ್ರಿಯವನ್ನು ನಂಬೋಕಾಗಲ್ಲ, ಜಾಗವನ್ನೇ ನೋಡಬೇಕು. ಇವತ್ತೇ ನೋಡಿ. ಗೀಸರ್ ಬಚ್ಚಲ ಒಳಗಿದೆಯೋ ಹೊರಗಿದೆಯೋ? ಮೇಲಿನ ಗವಾಕ್ಷಿಗೆ ಚಳಿಗಾಲದಲ್ಲಿ ಯಾರೋ ಪೇಪರ್, ಥರ್ಮಾಕೋಲ್ ತುರುಕಿದ್ದು ಹಾಗೇ ಉಳಿದಿದೆಯೋ? ಉರಿ ನೀಲಿಯಾಗಿದೆಯೋ, ಹಳದಿಗೆ ತಿರುಗಿದೆಯೋ? ಹಳದಿ ಅಂದರೆ ಗಾಳಿ ಸಾಲ್ತಿಲ್ಲ, ಅಥವಾ ಬರ್ನರಿನಲ್ಲಿ ಕಸ ಕಟ್ಟಿದೆ. ರಿಪೇರಿಯವರು ಬಂದು ನೋಡೋ ತನಕ ಅದನ್ನು ಹಚ್ಚಲೇಬೇಡಿ. ಉರಿ ನೀಲಿಯಾಗಿದೆ ಅಂತ ಗವಾಕ್ಷಿ ಮುಚ್ಚಿಕೊಂಡು ಕೂರೋದೂ ಬೇಡ. ಬಚ್ಚಲಿಗೆ ಹೋದಾಗೆಲ್ಲ ತಲೆನೋವು, ಹೊರಬಂದ ಮೇಲೆ ಸರಿಹೋಗುತ್ತೆ ಅಂತ ರೂಮ್‌ಮೇಟ್ ಅಂದರೆ ಅದನ್ನು ತಮಾಷೆ ಮಾಡಬೇಡಿ. ಒಳಗಿದ್ದವರು ಕೂಗಿದರೆ ಓಗೊಡದಿದ್ದರೆ ಕಾಯೋದು ಬೇಡ: ಬಾಗಿಲು ಒಡೆದು, ಅವರನ್ನು ಬಯಲಿಗೆ ಎಳೆದು ತಂದು, ಗೀಸರ್ ಆರಿಸಿ, 108ಕ್ಕೆ ಫೋನ್ ಮಾಡಿ. ನೀವೂ ಆ ಗಾಳಿಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ.

ಗೀಸರನ್ನು ಹೊರಗೆ ಹಾಕಿಸಿ ಅಂತ ಮಾಲೀಕರನ್ನು ಕೇಳಿದರೆ ‘ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲ’ ಅನ್ನಬಹುದು. ಒಬ್ಬರೇ ಹೋಗಬೇಡಿ, ಇಡೀ ಮಹಡಿಯವರು ಒಟ್ಟಿಗೆ ಹೋಗಿ. ಮನೆಯಿಂದ ಅಪ್ಪನೋ ಅಮ್ಮನೋ ಒಂದು ಫೋನ್ ಮಾಡಿದರೆ ಇನ್ನೂ ಬೇಗ ಕೆಲಸ ಆಗುತ್ತೆ. ಅಲ್ಲಿಯವರೆಗೆ ಗವಾಕ್ಷಿ ತೆರೆದಿರಲಿ. ಬಾಗಿಲು ತೆರೆದಿಟ್ಟೇ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಐದು ನಿಮಿಷ ಬಿಟ್ಟು ಆಮೇಲೆ ಒಳಗೆ ಹೋಗಿ ಚಿಲಕ ಹಾಕಿ.